ಮಳೆಗೆ ಮೊದಲೇ ಚಿಗುರು: ಹಿತ್ತಲ ಗಿಡಗಳಿಂದ ಒಂದು ವಿಜ್ಞಾನ ಪಾಠ

ತರಗತಿ: 7
ಉಪಘಟಕ: ಸಸ್ಯಗಳಲ್ಲಿ ನೀರಿನ ಸಾಗಣೆ, ಬಾಷ್ಪವಿಸರ್ಜನೆ
ಅವಧಿ: 40 ನಿಮಿಷ, ಜೊತೆಗೆ ಶಿವರಾತ್ರಿಯಿಂದ ಯುಗಾದಿವರೆಗೆ ಮನೆಯಲ್ಲಿ ವೀಕ್ಷಣೆ

ಹಿನ್ನೆಲೆ
ಬೋಧನಾಭ್ಯಾಸಕ್ಕೆ ನನಗೆ ದೊರೆತದ್ದು ಬಯಲುಸೀಮೆಯ ಒಂದು ಹಳ್ಳಿಶಾಲೆ. ಪೂರ್ವಜ್ಞಾನ ತಿಳಿಯಲು "ಗಿಡ ಯಾವಾಗ ಚಿಗುರುತ್ತದೆ?" ಎಂದು ಕೇಳಿದೆ. ಬಹುತೇಕ ಮಕ್ಕಳ ಉತ್ತರ "ಮಳೆ ಬಂದಾಗ". ಆದರೆ ಅವರ ಹಿತ್ತಲಿನ ಹೊಂಗೆ, ಬೇವು, ಕರಿಬೇವು ಚಿಗುರುವುದು ಬಿಸಿಲೇರುವ ಫೆಬ್ರವರಿ, ಮಾರ್ಚ್‌ನಲ್ಲಿ. ಮುಂಗಾರು ಬರುವುದು ಜೂನ್‌ನಲ್ಲಿ. ಮಕ್ಕಳು ದಿನವೂ ಕಾಣುವುದಕ್ಕೂ ಬರೆಯುವ ಉತ್ತರಕ್ಕೂ ಇರುವ ಈ ಅಂತರವನ್ನೇ ಪಾಠದ ಸಮಸ್ಯೆಯಾಗಿ ತೆಗೆದುಕೊಂಡೆ.

ಉದ್ದೇಶಗಳು
ವಿದ್ಯಾರ್ಥಿಗಳು
1. ಎಲೆ ಉದುರುವುದಕ್ಕೂ ನೀರಿನ ಉಳಿತಾಯಕ್ಕೂ ಇರುವ ಸಂಬಂಧವನ್ನು ವಿವರಿಸುವರು.
2. ಬರಿದಾದ ಗಿಡಕ್ಕೂ ಸತ್ತ ಗಿಡಕ್ಕೂ ಇರುವ ವ್ಯತ್ಯಾಸವನ್ನು ಪರೀಕ್ಷಿಸಿ ಗುರುತಿಸುವರು.
3. ವಾರವಾರದ ವೀಕ್ಷಣೆಯನ್ನು ಕೋಷ್ಟಕದಲ್ಲಿ ದಾಖಲಿಸುವರು.

ಚಟುವಟಿಕೆ 1: ದಾರ ಕಟ್ಟಿದ ಕೊಂಬೆ
ಪ್ರತಿ ಮಗು ಹಿತ್ತಲಿನ ಒಂದು ಕೊಂಬೆಗೆ ಕೆಂಪು ದಾರ ಕಟ್ಟಿ, ಪ್ರತಿ ಭಾನುವಾರ ಹಳೆಯ ಎಲೆ, ಮೊಗ್ಗು, ಚಿಗುರುಗಳನ್ನು ಎಣಿಸಿ ಬರೆಯಬೇಕು. ಚಿಗುರಿನ ಬಣ್ಣವನ್ನೂ ಬರೆಯಲು ಹೇಳಿದೆ. ಮಾವಿನ ಎಳೆಯ ಎಲೆ ಕೆಂಪಗಿರುವುದಕ್ಕೆ ಆಂಥೋಸಯನಿನ್ ಎಂಬ ವರ್ಣಕ ಕಾರಣ. ಪತ್ರಹರಿತ್ತು ತುಂಬಿಕೊಂಡಂತೆ ಎಲೆ ಹಸಿರಾಗುತ್ತದೆ.

ಚಟುವಟಿಕೆ 2: ಪ್ಲಾಸ್ಟಿಕ್ ಚೀಲ
ಶಾಲೆಯ ಅಂಗಳದಲ್ಲಿ ಎಲೆಯಿರುವ ಕೊಂಬೆಗೊಂದು, ಬರಿಯ ಕೊಂಬೆಗೊಂದು ಪಾರದರ್ಶಕ ಚೀಲ ಕಟ್ಟಿದೆವು. ಮಧ್ಯಾಹ್ನದ ಹೊತ್ತಿಗೆ ಮೊದಲನೆಯದರ ಒಳಗೆ ನೀರಹನಿಗಳು ಕೂತಿದ್ದವು. ಎರಡನೆಯದು ಒಣಗಿಯೇ ಇತ್ತು. ಎಲೆ ಉದುರಿದರೆ ನೀರು ಹೊರಹೋಗುವ ದಾರಿ ಮುಚ್ಚುತ್ತದೆ ಎಂದು ಮಕ್ಕಳೇ ಹೇಳಿದರು. ಬೇರು ಆಳದ ತೇವವನ್ನು ಹೀರುತ್ತಲೇ ಇರುವುದರಿಂದ ಕಾಂಡದಲ್ಲಿ ಮತ್ತೆ ನೀರು ತುಂಬಿ, ಮೊಗ್ಗು ಬಿಚ್ಚಲು ಸಾಧ್ಯವಾಗುತ್ತದೆ ಎಂಬುದನ್ನು ನಾನು ಸೇರಿಸಿದೆ.

ಚಟುವಟಿಕೆ 3: ಗೋಡೆಯ ಕ್ಯಾಲೆಂಡರ್
ಮಳೆಯಿಲ್ಲದಿದ್ದರೆ ಮರಕ್ಕೆ ಕಾಲ ತಿಳಿಯುವುದು ಹೇಗೆ? ಕ್ಯಾಲೆಂಡರಿನ ಸೂರ್ಯೋದಯ, ಸೂರ್ಯಾಸ್ತದ ಸಮಯದಿಂದ ಹಗಲಿನ ಅವಧಿ ಲೆಕ್ಕ ಹಾಕಿಸಿದೆ. ಡಿಸೆಂಬರ್ ಕೊನೆಯಲ್ಲಿ ನಮ್ಮಲ್ಲಿ ಹಗಲು ಸುಮಾರು 11 ಗಂಟೆ 20 ನಿಮಿಷ. ಮಾರ್ಚ್ ಮೂರನೇ ವಾರದಲ್ಲಿ 12 ಗಂಟೆ ದಾಟುತ್ತದೆ. ಹಗಲು ಉದ್ದವಾಗುವುದು ಅನೇಕ ಮರಗಳಿಗೆ ಚಿಗುರುವ ಸೂಚನೆ. ಇದರಿಂದ ಲಾಭವೂ ಇದೆ: ಮಳೆ ಬರುವಷ್ಟರಲ್ಲಿ ಬಲಿತ ಎಲೆಗಳು ದ್ಯುತಿಸಂಶ್ಲೇಷಣೆಗೆ ಸಿದ್ಧವಾಗಿರುತ್ತವೆ. ನಮ್ಮ ಗಡಿಗೆ ಹೊಂದಿಕೊಂಡ ಮುದುಮಲೆ ಕಾಡಿನಲ್ಲಿ ಕೆ.ಎಸ್. ಮುರಳಿ ಮತ್ತು ಆರ್. ಸುಕುಮಾರ್ ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಳೆಗೆ ಮೊದಲೇ ಚಿಗುರಿದ ಮರಗಳಿಗೆ ಕೀಟಗಳ ಕಾಟ ಕಡಿಮೆ.

ಒಂದು ಸಸಿಯ ಪ್ರಶ್ನೆ
ಪರಿಸರ ದಿನದಂದು ಶಾಲೆ ಕೊಟ್ಟ ಹೊಂಗೆ ಸಸಿ ಬೋಳಾಗಿದೆ, ಮನೆಯಲ್ಲಿ ಕಿತ್ತು ಹಾಕುತ್ತಾರಂತೆ ಎಂದು ಒಬ್ಬ ಹುಡುಗ ಹೇಳಿದ. ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡುವ ಪರೀಕ್ಷೆ ಕಲಿಸಿದೆ: ಒಳಗೆ ಹಸಿರು, ತೇವ ಇದ್ದರೆ ಜೀವವಿದೆ, ಕಂದಾಗಿ ಒಣಗಿದ್ದರೆ ಆ ಭಾಗ ಸತ್ತಿದೆ. ಮರುದಿನ ಬಂದವನೇ, "ಸತ್ತಿಲ್ಲ ಮಿಸ್, ಒಳಗೆ ಹಸ್ರು ಐತೆ" ಎಂದ. ಆಗ ಇನ್ನೊಬ್ಬಳು ಕೇಳಿದಳು: "ದೊಡ್ಡ ಮರಕ್ಕೆ ನೀರು ಬೇಡ ಅಂದ್ರೆ ಇದಕ್ಕೂ ಬೇಡ್ವಾ ಮಿಸ್?" ತರಗತಿಯೇ ಚರ್ಚಿಸಿ ಉತ್ತರ ಕಂಡುಕೊಂಡಿತು: ಸಸಿಯ ಬೇರು ಇನ್ನೂ ಆಳಕ್ಕಿಳಿದಿಲ್ಲ, ನೀರು ಹಾಕಲೇಬೇಕು. ಯುಗಾದಿಯ ವಾರ ಅವನ ಕೋಷ್ಟಕದಲ್ಲಿ ಚಿಗುರಿನ ಸಂಖ್ಯೆ 4.

ಮೌಲ್ಯಮಾಪನ
1. ಬೇವು ಎಲೆ ಉದುರಿಸದೆ ಬೇಸಿಗೆ ಕಳೆದರೆ ಏನಾಗಬಹುದು?
2. ಬರಿದಾದ ಸಸಿಯನ್ನು ಕೀಳುವ ಮೊದಲು ಏನು ಮಾಡುವಿರಿ?

ಸಹ ಪ್ರಶಿಕ್ಷಣಾರ್ಥಿಗಳಿಗೆ
ಈ ಪಾಠಕ್ಕೆ ಖರ್ಚು ಒಂದು ಉಂಡೆ ದಾರ, ಎರಡು ಚೀಲ. ಆದರೆ ಪಾಠಯೋಜನೆಯ ದಿನಾಂಕವನ್ನು ಗಿಡದ ಕಾಲಕ್ಕೆ ಹೊಂದಿಸಿಕೊಳ್ಳಬೇಕು. ಶಿವರಾತ್ರಿಗೆ ದಾರ ಕಟ್ಟಿದರೆ ಮಾತ್ರ ಮಕ್ಕಳಿಗೆ ಮೊಗ್ಗು ಬಿಚ್ಚುವುದು ಕಾಣಸಿಗುತ್ತದೆ.