ನೆಲದೊಳಗೆ ಹುಟ್ಟಿದ ಊರು

ಅಮೆರಿಕ ಸಂಯುಕ್ತ ಸಂಸ್ಥಾನಗಳ ನಡುಭಾಗದಲ್ಲಿ ಕ್ಯಾನ್ಸಾಸ್ ಎಂಬ ವಿಶಾಲ ಬಯಲಿನ ರಾಜ್ಯವಿದೆ. ಅದರ ವಾಯವ್ಯ ಭಾಗದಲ್ಲಿರುವ ಆಡಳಿತ ವಿಭಾಗವೊಂದರ ಹೆಸರು ಗ್ರಹಾಂ ಕೌಂಟಿ. ಮರಗಳು ವಿರಳ, ಕಣ್ಣು ಹಾಯುವಷ್ಟು ದೂರ ಹುಲ್ಲು ಮತ್ತು ಗಾಳಿ. ಈ ಬಯಲಿನಲ್ಲಿ ಮೊದಮೊದಲು ನೆಲೆಸಿದವರಲ್ಲಿ ದಾಸ್ಯದಿಂದ ಬಿಡುಗಡೆ ಹೊಂದಿದ ಕಪ್ಪು ಜನರು ಪ್ರಮುಖರು. ಅವರು ಕಟ್ಟಿದ ಊರೇ ನಿಕೋಡೆಮಸ್.

1865ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾಯಿತು. ಆದರೆ ಬಿಡುಗಡೆ ಪಡೆದವರಿಗೆ ಉಳಲು ಸ್ವಂತ ನೆಲವಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಬಹುಮಂದಿ ಹಳೆಯ ಒಡೆಯರ ಹೊಲಗಳಲ್ಲಿಯೇ ಗೇಣಿಗೋ ಕೂಲಿಗೋ ದುಡಿಯಬೇಕಾಯಿತು. ನೆಲವಿಲ್ಲದವನ ಸ್ವಾತಂತ್ರ್ಯ ಎಷ್ಟು ದಿನದ್ದು? ಇತ್ತ 1862ರ ಹೋಮ್‌ಸ್ಟೆಡ್ ಕಾಯಿದೆಯ ಪ್ರಕಾರ, ಸರ್ಕಾರಿ ಭೂಮಿಯಲ್ಲಿ 5 ವರ್ಷ ವಾಸವಾಗಿದ್ದು ಸಾಗುವಳಿ ಮಾಡಿದ ಕುಟುಂಬಕ್ಕೆ 160 ಎಕರೆ ದೊರೆಯುತ್ತಿತ್ತು. 1877ರಲ್ಲಿ ಡಬ್ಲ್ಯು. ಆರ್. ಹಿಲ್ ಎಂಬ ಬಿಳಿಯನೂ ಡಬ್ಲ್ಯು. ಎಚ್. ಸ್ಮಿತ್ ಎಂಬ ಕಪ್ಪು ಪಾದ್ರಿಯೂ ಕೂಡಿ ನಿಕೋಡೆಮಸ್ ಊರಿನ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಫಲವತ್ತಾದ ನೆಲವಿದೆ ಎಂದು ಸಾರುವ ಕರಪತ್ರಗಳು ಕೆಂಟಕಿ ರಾಜ್ಯದವರೆಗೂ ಹೋದವು. ಕರಪತ್ರಗಳ ಸ್ವಭಾವವೇ ಹಾಗೆ; ಅವು ಚಳಿಯ ಮಾತನ್ನು ಆಡುವುದು ಅಪರೂಪ.

ಆ ವರ್ಷದ ಸೆಪ್ಟೆಂಬರಿನಲ್ಲಿ ಕೆಂಟಕಿಯಿಂದ 300ಕ್ಕೂ ಹೆಚ್ಚು ಮಂದಿ ರೈಲಿನಲ್ಲಿ ಎಲ್ಲಿಸ್ ಪಟ್ಟಣಕ್ಕೆ ಬಂದಿಳಿದರು. ಅಲ್ಲಿಂದ ಸುಮಾರು 35 ಮೈಲು ಹಾದಿ ಸವೆಸಿ ಬಂದವರಿಗೆ ಊರೇ ಕಾಣಲಿಲ್ಲ. ಮರವಿಲ್ಲದ್ದರಿಂದ ಮೊದಲು ಬಂದವರು ನೆಲವನ್ನು ತೋಡಿ, ಕೊಂಬೆ, ಹುಲ್ಲು, ಮಣ್ಣುಗಳ ಮಾಡು ಹೊದಿಸಿ ಒಳಗೆ ವಾಸವಾಗಿದ್ದರು. 1878ರ ವಸಂತದಲ್ಲಿ ಬಂದ ವಿಲಿಯಾನಾ ಹಿಕ್‌ಮನ್ ಎಂಬಾಕೆ ಊರೆಲ್ಲಿ ಎಂದು ಕೇಳಿದಾಗ, ಆಕೆಯ ಗಂಡ ನೆಲದಿಂದೇಳುತ್ತಿದ್ದ ಹೊಗೆಯನ್ನು ತೋರಿಸಿದನಂತೆ. ಅದನ್ನು ಕಂಡು ತಾನು ಅತ್ತುದಾಗಿ ಆಕೆ ಮುಂದೆ ನೆನೆದಿದ್ದಾಳೆ. ಹಲವು ಕುಟುಂಬಗಳು ಬಂದ ದಾರಿಯಲ್ಲಿಯೇ ಹಿಂದಿರುಗಿದವು. ಉಳಿದವರಲ್ಲಿ ಕುದುರೆ, ನೇಗಿಲು ಉಳ್ಳವರು ತೀರ ಕಡಿಮೆ. ಗುದ್ದಲಿ, ಸಲಿಕೆಗಳಿಂದಲೇ ಹುಲ್ಲುನೆಲವನ್ನು ಅಗೆದರು. ಮೊದಲ ಚಳಿಗಾಲದಲ್ಲಿ ಬೇಟೆಯಿಂದ ಮರಳುತ್ತಿದ್ದ ಓಸೇಜ್ ಬುಡಕಟ್ಟಿನವರು ಮಾಂಸವನ್ನು ಹಂಚಿಕೊಟ್ಟು ಕಾಪಾಡಿದರೆಂದು ಊರಿನವರು ಹೇಳುತ್ತ ಬಂದಿದ್ದಾರೆ. ಕ್ಯಾನ್ಸಾಸಿನ ತಮ್ಮ ನೆಲವನ್ನು ಕೆಲವೇ ವರ್ಷಗಳ ಹಿಂದೆ ಕಳೆದುಕೊಂಡಿದ್ದವರು ಈ ಓಸೇಜರು ಎಂಬುದನ್ನು ಇಲ್ಲಿ ಗಮನಿಸಬೇಕು.

ಬೆಳೆ ಕೈಗೂಡಿದಂತೆ ಊರು ನೆಲದ ಮೇಲಕ್ಕೆ ಎದ್ದಿತು. ಚರ್ಚು, ಅಂಗಡಿ, ಹೋಟೆಲುಗಳಾದವು. ಜಕರಿ ಫ್ಲೆಚರ್ ಮೊದಲ ಅಂಚೆಯ ಅಧಿಕಾರಿ. ಆತನ ಪತ್ನಿ ಜೆನಿ ಮೊದಲ ಉಪಾಧ್ಯಾಯಿನಿ. ಓದು ಬರಹವನ್ನು ಕಲಿಯಲು ಬಿಡದ ದಾಸ್ಯದಿಂದ ಬಂದವರಿಗೆ ಶಾಲೆ ಎಷ್ಟು ದೊಡ್ಡದೆಂಬುದನ್ನು ಊಹಿಸಿಕೊಳ್ಳಬಹುದು. 1880ರಲ್ಲಿ ಗ್ರಹಾಂ ಕೌಂಟಿಯ ಆಡಳಿತ ಏರ್ಪಟ್ಟಾಗ, ನಿಕೋಡೆಮಸ್‌ನಲ್ಲಿ ನೆಲೆಸಿದ್ದ ಎಡ್ವರ್ಡ್ ಮೆಕೇಬ್ ಅದರ ಗುಮಾಸ್ತೆಯ ಅಧಿಕಾರ ವಹಿಸಿದನು. 1882ರಲ್ಲಿ ಆತ ಇಡೀ ರಾಜ್ಯದ ಲೆಕ್ಕಪರಿಶೋಧಕನಾಗಿ ಚುನಾಯಿತನಾದನು.

ಊರಿನ ಭಾಗ್ಯವು ರೈಲ್ವೆಯನ್ನು ನಂಬಿತ್ತು. ರೈಲುಹಾದಿಯನ್ನು ತರಲೆಂದು ಜನರು 16,000 ಡಾಲರುಗಳ ಸಾಲಪತ್ರಗಳಿಗೆ 1887ರಲ್ಲಿ ಒಪ್ಪಿಗೆ ಕೊಟ್ಟರು. ಆ ಮಾತುಕತೆ ಮುರಿಯಿತು. 1888ರಲ್ಲಿ ಮತ್ತೊಂದು ಕಂಪನಿಯ ಹಾದಿ ಸೊಲೊಮನ್ ನದಿಯ ಆಚೆ, ಕೆಲವೇ ಮೈಲು ದೂರದಲ್ಲಿ ಹಾದುಹೋಯಿತು. ವ್ಯಾಪಾರಿಗಳು ಅಂಗಡಿಗಳನ್ನು ಹಾದಿಯ ಬದಿಯ ಬೋಗ್ ಎಂಬ ಹೊಸ ಊರಿಗೆ ಸಾಗಿಸಿದರು. ರೈತರು ಮಾತ್ರ ಕದಲಲಿಲ್ಲ. ಅಂಗಡಿಯನ್ನು ಒಯ್ಯಬಹುದು, ಹೊಲವನ್ನು ಒಯ್ಯಲಾಗುವುದೇ? ಆದರೆ 1930ರ ದಶಕದ ಬರಗಾಲ ಮತ್ತು ಧೂಳಿನ ಬಿರುಗಾಳಿಗಳಿಗೆ ಅವರಲ್ಲಿಯೂ ಅನೇಕರು ಊರು ಬಿಟ್ಟರು. 1953ರಲ್ಲಿ ಅಂಚೆಕಚೇರಿಯೂ ಮುಚ್ಚಿತು.

1996ರಲ್ಲಿ ನಿಕೋಡೆಮಸ್ ರಾಷ್ಟ್ರೀಯ ಚಾರಿತ್ರಿಕ ಸ್ಥಳವೆಂದು ಘೋಷಿತವಾಯಿತು. ಈಗ ಅಲ್ಲಿ ಕೆಲವೇ ಮನೆಗಳಿವೆ. ಆದರೂ ಪ್ರತಿವರ್ಷ ಬೇಸಗೆಯಲ್ಲಿ, ಬಿಡುಗಡೆಯ ಉತ್ಸವಕ್ಕಾಗಿ, ದೂರದೂರದ ನಗರಗಳಲ್ಲಿ ನೆಲೆಸಿದ ಮೊಮ್ಮಕ್ಕಳು, ಮರಿಮಕ್ಕಳು ಆ ಊರಿಗೆ ಮರಳಿ ಬರುತ್ತಾರೆ.