ಹಾಲು ಕರೆಯುವ ಯಂತ್ರದ ಮೋಟರ್: ತಿಳಿದಿರಬೇಕಾದ ಪದಗಳು



ಸಿದ್ದಾಪುರದ ಕಡೆ ಕೆಚ್ಚಲು ಬಾವಿನ ಚಿಕಿತ್ಸೆಗೆ ಬಂದಾಗ ನಾನು ಹಸುವಿನ ಜೊತೆಗೆ ಹಾಲು ಕರೆಯುವ ಯಂತ್ರವನ್ನೂ ನೋಡುತ್ತೇನೆ. ಪಶುವೈದ್ಯರಿಗೆ ಮೋಟರಿನ ಗೊಡವೆ ಏಕೆ ಎನ್ನಬೇಡಿ. ಮೋಟರ್ ನಿಧಾನವಾದರೆ ವ್ಯಾಕ್ಯೂಮ್ ಪಂಪಿನ ಎಳೆತ ಇಳಿದು ಕಪ್ಪುಗಳು ಮೊಲೆಯಿಂದ ಜಾರುತ್ತವೆ. ಆಗ ಒಳನುಗ್ಗುವ ಗಾಳಿ ರೋಗಾಣು ಇರುವ ಹಾಲಿನ ಹನಿಗಳನ್ನು ಉಳಿದ ಮೊಲೆಗಳ ತುದಿಗೆ ಎರಚುತ್ತದೆ. ಔಷಧ ಹಾಕಿದರೂ ಬಾವು ಮರುಕಳಿಸಲು ಇದೂ ಒಂದು ಕಾರಣ. ಗೇಜಿನ ಮುಳ್ಳು ಯಂತ್ರದ ಕೈಪಿಡಿ ಹೇಳುವ ಮಟ್ಟದಲ್ಲೇ, ಸಾಮಾನ್ಯವಾಗಿ 40ರಿಂದ 50 ಕಿಲೋಪಾಸ್ಕಲ್ ನಡುವೆ, ನಿಂತಿರಬೇಕು.

ಮೋಟರಿನ ಮೈಮೇಲಿರುವ ತಗಡಿನ ಪಟ್ಟಿಯೇ ನೇಮ್ ಪ್ಲೇಟ್. ಅದರಲ್ಲಿ ಎಚ್‌ಪಿ ಎಂದರೆ ಮೋಟರಿನ ಶಕ್ತಿ. 1 ಎಚ್‌ಪಿ ಎಂದರೆ 746 ವ್ಯಾಟ್. ಆರ್‌ಪಿಎಂ ಎಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು. ಮನೆಗೆ ಬರುವ ಸಿಂಗಲ್ ಫೇಸ್ 230 ವೋಲ್ಟ್, ಪಂಪ್‌ಸೆಟ್ಟಿನ ತ್ರೀ ಫೇಸ್ 415 ವೋಲ್ಟ್.

ವೋಲ್ಟೇಜ್ ಎಂದರೆ ವಿದ್ಯುತ್ತನ್ನು ತಳ್ಳುವ ಒತ್ತಡ. 230 ಇರಬೇಕಾದದ್ದು 180ಕ್ಕೆ ಇಳಿದರೆ ಮೋಟರಿನ ತಿರುಗಿಸುವ ಬಲ ಕಾಲು ಭಾಗವಷ್ಟೇ ಕಡಿಮೆಯಾಗುವುದಿಲ್ಲ, ಶೇ. 60ರ ಆಸುಪಾಸಿಗೆ ಕುಸಿಯುತ್ತದೆ. ಭಾರ ಎಳೆಯಲು ಮೋಟರ್ ಹೆಚ್ಚು ಆಂಪಿಯರ್ ಸೆಳೆದು ಕಾಯುತ್ತದೆ, ಕಡೆಗೆ ವೈಂಡಿಂಗ್ ಸುಡುತ್ತದೆ. ಹಾಗಾಗುವ ಮೊದಲೇ ಕರೆಂಟ್ ಕಡಿಯುವುದು ಓವರ್‌ಲೋಡ್ ರಿಲೇಯ ಕೆಲಸ. ಅದು ಪದೇ ಪದೇ ಟ್ರಿಪ್ ಆಗುತ್ತದೆಂದು ವೈರ್ ಹಾಕಿ ಅದನ್ನು ತಪ್ಪಿಸುವವರಿದ್ದಾರೆ. ಉಳಿಸಿದ ಅರ್ಧ ಗಂಟೆಗೆ ಮೋಟರನ್ನೇ ಕೊಟ್ಟಂತಾಗುತ್ತದೆ.

ಹೆಚ್ಚು ಹೇಳಬೇಕಾದದ್ದು ಕೆಪಾಸಿಟರ್ ಬಗ್ಗೆ. ಸಿಂಗಲ್ ಫೇಸ್ ಮೋಟರಿಗೆ ಮೊದಲ ಸುತ್ತು ತಿರುಗಿಸಿ ಕೊಡುವುದೇ ಈ ಡಬ್ಬಿ. ಅದು ಕೆಟ್ಟರೆ ಮೋಟರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಕೈಯಿಂದ ತಳ್ಳಿದರೆ ತಿರುಗುತ್ತದೆ, ಅಪಾಯವೂ ಅಲ್ಲೇ ಇದೆ. ಮೇವು ಕತ್ತರಿಸುವ ಯಂತ್ರದ ಚಕ್ರವನ್ನು ಸ್ವಿಚ್ ಹಾಕಿಕೊಂಡೇ ತಳ್ಳಿದರೆ ಬ್ಲೇಡು ಬೆರಳಿಗೆ ಕಾಯುವುದಿಲ್ಲ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್ನಿಗೆ "ಗುಂಯ್ ಅನ್ನುತ್ತೆ, ತಿರುಗಲ್ಲ, ಕೆಪಾಸಿಟರ್ ನೋಡಿ" ಎಂದು ಹೇಳಿ. ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಶಾಕ್ ಉಳಿದಿರಬಹುದು, ನೀವು ಬಿಚ್ಚಬೇಡಿ.

ದೊಡ್ಡ ಕೊಟ್ಟಿಗೆಗಳಲ್ಲಿ ಈಗ ಡ್ರೈವ್ ಅಥವಾ ವಿಎಫ್‌ಡಿ ಎಂಬ ಪೆಟ್ಟಿಗೆ ಕಾಣುತ್ತದೆ. ಅದು ಎಸಿ ಕರೆಂಟನ್ನು ಡಿಸಿ ಮಾಡಿ, ಮತ್ತೆ ಬೇಕಾದ ಫ್ರೀಕ್ವೆನ್ಸಿಯ ಎಸಿ ಆಗಿಸಿ ಮೋಟರಿಗೆ ಕೊಡುತ್ತದೆ. ನಮ್ಮ ಲೈನಿನ ಫ್ರೀಕ್ವೆನ್ಸಿ 50 ಹರ್ಟ್ಸ್. ಅದನ್ನು 40ಕ್ಕೆ ಇಳಿಸಿದರೆ ಮೋಟರಿನ ವೇಗವೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಇದನ್ನೂ ಇನ್ವರ್ಟರ್ ಎನ್ನುವುದುಂಟು, ಆದರೆ ಕರೆಂಟ್ ಹೋದಾಗ ದೀಪ ಉರಿಸುವ ಬ್ಯಾಟರಿ ಇನ್ವರ್ಟರ್ ಬೇರೆ. ಸಾಮಾನ್ಯ ಡ್ರೈವ್‌ಗಳು ತ್ರೀ ಫೇಸ್ ಮೋಟರಿಗೆ ಮಾತ್ರ. ಕೆಪಾಸಿಟರ್ ಇರುವ ಮೋಟರಿಗೆ ಜೋಡಿಸಿದರೆ ಕೆಡುತ್ತದೆ. ಎರಡು ಮೂರು ಹಸು ಇರುವವರಿಗೆ ಇದರ ಖರ್ಚು ಬೇಡವೆಂದೇ ನನ್ನ ಅಭಿಪ್ರಾಯ.

ಅರ್ಥಿಂಗ್ ಎಲ್ಲರಿಗೂ ಬೇಕು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ ಅದು. ಚಪ್ಪಲಿ ಹಾಕಿದ ನಿಮಗೆ ಗೊತ್ತಾಗದ ಸೋರಿಕೆ ಒದ್ದೆ ನೆಲದ ಮೇಲೆ ನಿಂತ ಹಸುವಿಗೆ ತಟ್ಟುತ್ತದೆ. ಯಂತ್ರ ಹಾಕಿದಾಗಲೇ ಹಸು ಕಾಲು ಎತ್ತಿ ಇಡುತ್ತಿದ್ದರೆ, ಕಬ್ಬಿಣದ ಬಾನಿಯಲ್ಲಿ ನೀರು ಕುಡಿಯಲು ಹಿಂಜರಿದರೆ, ಹಾಲು ಇಳಿಸದೆ ತಡೆಹಿಡಿದರೆ, ನನ್ನನ್ನು ಕರೆಯಿರಿ; ಅದೇ ದಿನ ಎಲೆಕ್ಟ್ರಿಷಿಯನ್ನಿಂದ ಅರ್ಥಿಂಗ್ ಕೂಡ ಪರೀಕ್ಷೆ ಮಾಡಿಸಿ.