ಭಿನ್ನರಾಶಿಗಳ ಕೊಡುಕೊಳೆ

೧/೨ಕ್ಕೆ ೧/೩ನ್ನು ಕೂಡಿಸಿರೆಂದರೆ, ಅಂಶಗಳನ್ನು ಬೇರೆ, ಛೇದಗಳನ್ನು ಬೇರೆ ಕೂಡಿ ೨/೫ ಎಂದು ಬರೆಯುವ ವಿದ್ಯಾರ್ಥಿಗಳು ಅನೇಕರುಂಟು. ೨/೫ ಎಂಬುದು ಅರ್ಧಕ್ಕಿಂತಲೂ ಕಡಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದಾಗ ಮೊತ್ತವು ಅರ್ಧಕ್ಕಿಂತ ಕಿರಿದಾಗುವುದೆಂತು? ಈ ಸಂದೇಹವು ಅವರಲ್ಲಿ ಏಳದಿರುವುದಕ್ಕೆ ಕಾರಣವಿದೆ. ಭಿನ್ನರಾಶಿಯು ಅವರಿಗೆ ಒಂದು ಅಳತೆಯಾಗಿ ಕಾಣದೆ, ಗೆರೆಯ ಮೇಲೊಂದು ಕೆಳಗೊಂದು ಬರೆದ ಎರಡು ಸಂಖ್ಯೆಗಳಾಗಿ ಕಾಣುತ್ತದೆ. ಈ ತೊಡಕನ್ನು ಬಿಡಿಸಲು ತರಗತಿಯಲ್ಲಿ ಆಡಬಹುದಾದ ಒಂದು ಆಟವನ್ನು ಇಲ್ಲಿ ವಿವರಿಸಿದೆ.

೨೪ ಸೆಂಟಿಮೀಟರ್ ಉದ್ದದ ನಾಲ್ಕು ರಟ್ಟಿನ ಪಟ್ಟಿಗಳನ್ನು ತೆಗೆದುಕೊಳ್ಳಿ. ಒಂದನ್ನು ೨, ಇನ್ನೊಂದನ್ನು ೩, ಮತ್ತೊಂದನ್ನು ೪, ಕೊನೆಯದನ್ನು ೬ ಸಮಭಾಗಗಳಾಗಿ ಕತ್ತರಿಸಿ, ಪ್ರತಿ ತುಂಡಿನ ಮೇಲೂ ಅದರ ಬೆಲೆಯನ್ನು ಬರೆಯಿರಿ. ಈ ೧೫ ತುಂಡುಗಳನ್ನು ಬೆರಸಿ ನಾಲ್ವರಿಗೆ ಹಂಚಿರಿ. ಒಂದು ತುಂಡೂ ಉಳಿಯದಂತೆ, ಪ್ರತಿಯೊಬ್ಬರೂ ೨೪ ಸೆಂಟಿಮೀಟರಿನ ಪೂರ್ಣಪಟ್ಟಿಯನ್ನು ಜೋಡಿಸಬೇಕು. ಮಾತನಾಡಕೂಡದು, ಕೇಳಕೂಡದು, ಇನ್ನೊಬ್ಬರ ತುಂಡನ್ನು ಎತ್ತಿಕೊಳ್ಳಲೂ ಕೂಡದು. ಕೊಡುವುದಕ್ಕೆ ಮಾತ್ರ ಅಡ್ಡಿಯಿಲ್ಲ. ನಾಲ್ವರ ಪಟ್ಟಿಗಳೂ ಪೂರ್ಣವಾದಾಗಲೇ ಎಲ್ಲರಿಗೂ ಗೆಲವು.

ಒಬ್ಬನ ಬಳಿ ೧/೨, ೧/೩, ೧/೩ ಇವೆಯೆನ್ನೋಣ. ಉದ್ದ ೧೨+೮+೮, ಎಂದರೆ ೨೮ ಸೆಂಟಿಮೀಟರ್, ೪ ಹೆಚ್ಚು. ಪಕ್ಕದವಳಲ್ಲಿ ೧/೨, ೧/೬, ೧/೬ ಇವೆ. ಉದ್ದ ೨೦; ೪ ಕಡಮೆ. ಆದರೆ ಅವನಲ್ಲಿ ೪ ಸೆಂಟಿಮೀಟರಿನ ತುಂಡಿಲ್ಲ. ಅವನು ೧/೩ನ್ನು ಕೊಟ್ಟು, ಅವಳು ೧/೬ನ್ನು ಮರಳಿಸಿದರೆ ಇಬ್ಬರ ಪಟ್ಟಿಗಳೂ ಸರಿಯಾಗುತ್ತವೆ. ೧/೩ ಎಂಬುದು ೨/೬ಕ್ಕೆ ಸಮವೆಂದು ಕಂಡವರಿಗೆ ಈ ವಿನಿಮಯವು ಕೂಡಲೇ ಹೊಳೆಯುತ್ತದೆ. ಅದಕ್ಕಾಗಿ ನೆರೆಯವರ ಕೊರತೆಯನ್ನೂ ತನ್ನ ಹೆಚ್ಚಳವನ್ನೂ ಒಟ್ಟಿಗೆ ಅಳೆಯಬೇಕು. ಇಲ್ಲಿ ಸಹಕಾರವನ್ನು ಬೇಡುವುದು ಗಣಿತವೇ.

ಈಗ ಮೊದಲಿನ ಲೆಕ್ಕಕ್ಕೆ ಬರೋಣ. ೧/೨ನ್ನೂ ೧/೩ನ್ನೂ ೧/೪ರ ತುಂಡಿನಿಂದ ಅಳೆಯಿರಿ. ಮೊದಲನೆಯದು ಸರಿಹೋಗುತ್ತದೆ, ಎರಡನೆಯದು ಸರಿಹೋಗದು. ೧/೬ರಿಂದ ಅಳೆದರೆ ಮೊದಲನೆಯದು ೩, ಎರಡನೆಯದು ೨; ಆದುದರಿಂದ ಮೊತ್ತ ೫/೬. ಎರಡನ್ನೂ ಶೇಷವಿಲ್ಲದೆ ಅಳೆಯುವ ಅತಿ ದೊಡ್ಡ ಭಾಗ ಇದೇ. ಇದರ ಛೇದವಾದ ೬, ೨ ಮತ್ತು ೩ರ ಲಘುತಮ ಸಾಮಾನ್ಯ ಅಪವರ್ತ್ಯವಾಗಿದೆ. ೯ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಸಂಖ್ಯೆಯನ್ನು ‘ನಿರುದ್ಧ’ವೆಂದು ಕರೆದು, ಭಿನ್ನರಾಶಿಗಳನ್ನು ಸಮಚ್ಛೇದಕ್ಕೆ ತರಲು ಬಳಸಿದರು.

೧/೪ನ್ನೂ ೧/೬ನ್ನೂ ಕೂಡಿಸುವುದಕ್ಕೆ ಈ ೧೫ ತುಂಡುಗಳಲ್ಲಿ ಯಾವುದೂ ಅಳತೆಗೋಲಾಗದು. ಅದಕ್ಕಾಗಿ ಐದನೆಯ ಪಟ್ಟಿಯನ್ನು ಕನಿಷ್ಠ ಎಷ್ಟು ಸಮಭಾಗ ಮಾಡಬೇಕೆಂಬುದನ್ನು ವಾಚಕರೇ ಕತ್ತರಿಸಿ ಕಂಡುಕೊಳ್ಳಲಿ.